ಎರೆ ಮಣ್ಣು ಮತ್ತು ಲೋಳೆಸರದ ಮರಿ

ನಮ್ಮ ನವಲಗುಂದ ಸೀಮೆಯಲ್ಲಿ ತಲೆಬಾಗಿಲಿಗೆ ಬೇರು ಮೇಲಾಗಿ ತೂಗುಬಿಟ್ಟ ಲೋಳೆಸರವನ್ನು ನೋಡದವರು ಇರಲಿಕ್ಕಿಲ್ಲ. ದೃಷ್ಟಿ ತಾಗದಿರಲೆಂದು ಕಟ್ಟುವ ಈ ಗಿಡ ಮಣ್ಣಿಲ್ಲದೆ, ನೀರಿಲ್ಲದೆ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ. ದೃಷ್ಟಿಯ ಮಾತು ಹೇಗೇ ಇರಲಿ, ವಿಜ್ಞಾನದ ಪಾಠವೊಂದು ಅಲ್ಲಿ ನೇತಾಡುತ್ತಿತ್ತು. ಅದರ ಕೆಳಗೆ ದಿನವೂ ತಲೆ ಬಗ್ಗಿಸಿ ಶಾಲೆಗೆ ಹೋಗುತ್ತಿದ್ದ ನಾನು ಅದನ್ನು ಓದಲೇ ಇಲ್ಲ.

ಈಗ ಸಮಾರಂಭಗಳಲ್ಲಿ ಹಾರದ ಬದಲು ಪುಟ್ಟ ಕುಂಡದ ಗಿಡಗಳನ್ನು ಕೊಡುವ ರೂಢಿ ಬಂದಿದೆ. ಮೆಕ್ಸಿಕೋ ಮೂಲದ ಎಕಿವೇರಿಯಾ, ದಕ್ಷಿಣ ಆಫ್ರಿಕದ ಹಾವರ್ಥಿಯಾ ಇವೆಲ್ಲ ಗುಲಾಬಿ ಅರಳಿದಂತೆ ಸುತ್ತಸುತ್ತಲೂ ದಪ್ಪ ಎಲೆ ಜೋಡಿಸಿಕೊಂಡ ಚೆಲುವೆಯರು. ರೂಢಿ ಒಳ್ಳೆಯದೇ. ಆದರೆ ಗಿಡದೊಡನೆ ತಿಳಿವಳಿಕೆಯನ್ನು ಕೊಡುವವರಿಲ್ಲ. ನನಗೆ ಬಂದ ಎರಡನ್ನು ನಾನು ದೊಡ್ಡ ಕುಂಡದಲ್ಲಿ ಹೊಲದ ಎರೆ ಮಣ್ಣು, ತಿಪ್ಪೆಗೊಬ್ಬರ ತುಂಬಿ ನೆಟ್ಟೆ; ದಿನಕ್ಕೊಂದು ತಂಬಿಗೆ ನೀರನ್ನೂ ಹೊಯ್ದೆ. ಕೆಲವೇ ದಿನಗಳಲ್ಲಿ ಬುಡ ಕೊಳೆತು ಗಿಡ ಕೈಗೇ ಬಂತು.

ಯಾವ ಗುಣದಿಂದ ನಮ್ಮ ಎರೆ ಭೂಮಿ ಹಿಂಗಾರಿ ಕಡಲೆಯನ್ನು ಮಳೆಯಿಲ್ಲದೆಯೂ ಸಾಕುತ್ತದೆಯೋ ಅದೇ ಗುಣ ಈ ಗಿಡಗಳಿಗೆ ಮೃತ್ಯು. ಆ ಜೇಡಿ ಹೀರಿದ ನೀರನ್ನು ಬಿಟ್ಟುಕೊಡದು, ಬೇರಿಗೆ ಗಾಳಿಯಾಡದು. ಇವಾದರೋ ಎಲೆಯಲ್ಲೇ ನೀರಿನ ಕಣಜ ಕಟ್ಟಿಕೊಂಡವು. ಹಗಲು ಪತ್ರರಂಧ್ರಗಳನ್ನು ಮುಚ್ಚಿ, ಇರುಳಿನ ತಂಪಿನಲ್ಲಿ ತೆರೆದು ಉಸಿರಾಡುವ ಮಿತವ್ಯಯಿಗಳು. ಕಲಘಟಗಿ ಕಡೆಯ ಮಸಾರಿ ಮಣ್ಣು ಸಿಕ್ಕರೆ ಅರ್ಧ ಕೆಲಸವಾಯಿತು. ಅದಕ್ಕೆ ಸಮನಾಗಿ ದಪ್ಪ ಉಸುಕು, ಇಟ್ಟಂಗಿ ಚೂರು ಬೆರೆಸಿ, ತಳದಲ್ಲಿ ತೂತಿರುವ ಮಣ್ಣಿನ ಕುಂಡಕ್ಕೆ ಹಾಕಬೇಕು. ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರು. ಏಪ್ರಿಲ್ ಬಿಸಿಲಿಗೆ ಹಾವರ್ಥಿಯಾವನ್ನು ಒಡ್ಡಬಾರದು. ಪಡಸಾಲೆಯ ಬೆಳಕು ಸಾಕು.

ಮರಿ ಮಾಡುವುದಂತೂ ಮಕ್ಕಳಾಟ. ಲೋಳೆಸರ, ಹಾವರ್ಥಿಯಾಗಳ ಬುಡದ ಮರಿಗಳನ್ನು ಬೇರುಸಹಿತ ಬಿಡಿಸಿ, ಗಾಯ ಒಣಗಲೆಂದು ಎರಡು ಮೂರು ದಿನ ನೆರಳಿನಲ್ಲಿಟ್ಟು ನೆಡುವುದು. ಮೊದಲ ವಾರ ನೀರು ಬೇಡ. ಎಕಿವೇರಿಯಾದ ಎಲೆಯನ್ನು ಬುಡಸಮೇತ ಮುರಿಯದಂತೆ ಕಿತ್ತು ಒಣ ಉಸುಕಿನ ಮೇಲೆ ಸುಮ್ಮನೆ ಮಲಗಿಸಿದರೆ, ಕೆಲವು ವಾರಗಳಲ್ಲಿ ನಸುಗೆಂಪು ಬೇರು, ಅದರ ಬೆನ್ನಿಗೆ ಸಾಸಿವೆಯಷ್ಟು ಮರಿ. ಮರಿ ಬೆಳೆದಂತೆ ತಾಯಿ ಎಲೆ ಸೊರಗುತ್ತದೆ. ಎಲ್ಲ ಎಲೆಗಳೂ ಮರಿ ಹಾಕುವುದಿಲ್ಲ, ಆ ಮಾತು ಬೇರೆ.

ಇಲ್ಲಿಯೇ ನನ್ನ ತಪ್ಪೊಪ್ಪಿಗೆಯೂ ಇದೆ. ಕಾಯಜ ಸಂತಾನೋತ್ಪತ್ತಿಯ ಪಾಠದಲ್ಲಿ ಬ್ರಯೋಫಿಲ್ಲಂ ಎಲೆಯನ್ನು ವರ್ಷಂಪ್ರತಿ ಕರಿಹಲಗೆಯ ಮೇಲೆ ಬರೆದೆ. ಅಂಚಿನ ಮೊಗ್ಗುಗಳನ್ನು ಗುರುತಿಸಿದವರಿಗೆ ಅಂಕ ಕೊಟ್ಟೆ. ಅದೇ ಗಿಡ ಕಾಡುಬಸಳೆ ಎಂಬ ಹೆಸರಿನಲ್ಲಿ ಶಾಲೆಯ ಹಿತ್ತಲಲ್ಲೇ ಇತ್ತು. ಒಂದು ಎಲೆಯನ್ನೂ ಹರಿದು ಮಣ್ಣಿನ ಮೇಲಿಟ್ಟು ಮಕ್ಕಳಿಗೆ ತೋರಿಸಲಿಲ್ಲ. ಪ್ರಯೋಗಾಲಯವಿಲ್ಲ ಎಂದು ಗೊಣಗುತ್ತಿದ್ದೆ! ಒಡೆದ ಹೆಂಚೊಂದು, ಹಿಡಿ ಉಸುಕು ಸಾಕಾಗಿತ್ತು. ಈಗಿನ ಶಿಕ್ಷಕ ಮಿತ್ರರು ಆ ಪಾಠಕ್ಕೆ ಬಂದಾಗ ಸೀಮೆಸುಣ್ಣವನ್ನು ಕೆಳಗಿಟ್ಟು ತರಗತಿಯನ್ನು ಹಿತ್ತಲಿಗೆ ಕರೆದೊಯ್ಯಬೇಕೆಂದು ನನ್ನ ಆಗ್ರಹ. ಸಮಾರಂಭದವರೂ ಅಂಗಡಿಯ ಗಿಡಕ್ಕೆ ದುಡ್ಡು ಸುರಿಯುವ ಬದಲು ಶಾಲೆಯ ಮಕ್ಕಳು ಬೆಳೆಸಿದ ಮರಿಗಳನ್ನೇ ಕೊಳ್ಳಲಿ.

ನನ್ನ ಲೋಳೆಸರದ ಬುಡದಲ್ಲಿ ಸದ್ಯ ಆರು ಮರಿಗಳಿವೆ. ಮಳೆ ಹಿಡಿಯುವ ಮೊದಲೇ ಬಿಡಿಸಬೇಕು. ಬೇಕಾದವರು ಬಂದು ಒಯ್ಯಬಹುದು. ಕುಂಡ ಮಾತ್ರ ನೀವೇ ತರತಕ್ಕದ್ದು.