ತಿರಸ್ಕಾರವೂ ಧಿಕ್ಕಾರವೂ



ಔರಾದಿನಿಂದ ರಜೆಗೆಂದು ಬೀದರಿನ ನಮ್ಮ ಮನೆಗೆ ಬಂದ ಮೊಮ್ಮಗನು ‘ಡಿಸ್ಪೈಜ್’, ‘ಸ್ಪರ್ನ್’, ‘ಡಿಫೈ’ ಎಂಬ ಮೂರು ಇಂಗ್ಲಿಷ್ ಕ್ರಿಯಾಪದಗಳಿಗೂ ‘ತಿರಸ್ಕರಿಸು’ ಎಂದೇ ಅರ್ಥ ಬರೆದಿದ್ದನು. ಇವುಗಳ ಭೇದವನ್ನು ಗೃಹಸ್ಥರೂ ಅರಿಯತಕ್ಕದ್ದು.

ಡಿಸ್ಪೈಜ್ ಎಂಬುದರ ಲ್ಯಾಟಿನ್ ಮೂಲಾರ್ಥವು ಮೇಲಿನಿಂದ ಕೆಳಗೆ ನೋಡುವುದು. ನಮ್ಮ ‘ಕಡೆಗಣಿಸು’ ಎಂಬುದೂ ಕಣ್ಣಿನದೇ ವ್ಯಾಪಾರ, ಕಡೆಗಣ್ಣಿನಿಂದ ನೋಡುವುದು. ಸ್ಪರ್ನ್ ಎಂಬುದು ಮೂಲತಃ ಕಾಲಿನಿಂದೊದೆಯುವುದು. ಸಂಸ್ಕೃತದ ‘ತಿರಸ್’ ಎಂದರೆ ಅಡ್ಡ, ಮರೆ. ಕಣ್ಣಿಗೆ ಬೀಳದಂತೆ ಬದಿಗೆ ಸರಿಸುವುದೇ ತಿರಸ್ಕಾರ. ಇವೆಲ್ಲವೂ ಬಹುಶಃ ಬಲ್ಲಿದನು ಬಡವನಿಗೆ ಮಾಡುವಂಥವು. ಡಿಫೈ ಎಂಬುದಾದರೋ ಇಟ್ಟ ನಂಬುಗೆಯನ್ನು ಹಿಂದೆಗೆದುಕೊಂಡು ಎದುರು ನಿಲ್ಲುವುದು. ಅದಕ್ಕೆ ‘ಧಿಕ್ಕರಿಸು’ ಎಂಬುದೇ ಸಲ್ಲುವುದು.

ಇದಕ್ಕೆ ನಿದರ್ಶನವು ನಮ್ಮ ಭಾಲ್ಕಿಯಲ್ಲಿಯೇ ಉಂಟು. 1948ರವರೆಗೆ ಈ ಸೀಮೆಯು ನಿಜಾಮರ ಆಳ್ವಿಕೆಯಲ್ಲಿತ್ತು, ಆಡಳಿತವೆಲ್ಲ ಉರ್ದುವಿನಲ್ಲಿ. ಆಗ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗಿಸಿ, ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರು. ಬಾಯಿಂದ ‘ಧಿಕ್’ ಎನ್ನದೆ ಮಾಡಿದ ಧಿಕ್ಕಾರವದು. ಅದಕ್ಕಾಗಿ ಯಾರ ನುಡಿಯನ್ನೂ ತಿರಸ್ಕರಿಸಬೇಕಾಗಿರಲಿಲ್ಲ.

ಉಪಾಧ್ಯಾಯನಾಗಿದ್ದಾಗ ನಾನು ಎದುರುತ್ತರವಿತ್ತ ಹುಡುಗನ ಮೇಲೆ ಬೆತ್ತವನ್ನೆತ್ತಿದೆನು. ಬಡ ಸಹಪಾಠಿಯನ್ನು ಕಂಡು ಮೂಗು ಮುರಿದವನನ್ನು ಮಾತ್ರ ಸುಮ್ಮನೆ ಬಿಟ್ಟೆನು. ಮೊದಲನೆಯವನ ಮಾತಿಗೆ ಕಿವಿಗೊಡಬೇಕಾಗಿತ್ತು, ಎರಡನೆಯವನನ್ನು ತಿದ್ದಬೇಕಾಗಿತ್ತು. ಮನೆಯ ಕೆಲಸದವರನ್ನು ಮಕ್ಕಳು ಯಾವ ಕಣ್ಣಿನಿಂದ ನೋಡುತ್ತಾರೆಂಬುದನ್ನು ತಾವಾದರೂ ಗಮನಿಸಿರಿ.