ಮಸ್ಕಿಯ ಬಂಡೆ, ಬಾನುಲಿಯ ಗೋಡೆ

ಮಸ್ಕಿಯಲ್ಲಿ 1915ರಲ್ಲಿ ಪತ್ತೆಯಾದ ಶಾಸನದಲ್ಲಿ ಅಶೋಕನ ಹೆಸರು ಉಳಿದಿತ್ತು. ಅದಕ್ಕೆ ಬಂಡೆಯ ಆಸರೆಯಿತ್ತು. ಬಾನುಲಿಯ ಮಾತಿಗೆ ಕಟ್ಟಡವೊಂದೇ ಗುರುತು. ಸಿಂಧನೂರು, ಲಿಂಗಸುಗೂರು ಸೀಮೆಗೆ ಸಮೀಪದ ಕಲಬುರಗಿ ನಿಲಯ ಆರಂಭವಾದದ್ದು 1966ರಲ್ಲಿ. ಅದಕ್ಕೂ ಮೂರು ದಶಕ ಮೊದಲೇ, 1935ರಲ್ಲಿ, ಪ್ರೊ. ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ನಿವಾಸ ‘ವಿಠಲ ವಿಹಾರ’ದಿಂದ ಪ್ರಸಾರ ಆರಂಭಿಸಿದ್ದರು. ಆ ನಿಲಯ 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು.

ಸ್ಥಳಾಂತರ ಅನಿವಾರ್ಯವಿರಬಹುದು. ಆದರೆ 1958ರ ಸ್ಮಾರಕ ಕಾಯ್ದೆ ನೂರು ವರ್ಷ ತುಂಬಿದ ಕಟ್ಟಡಗಳನ್ನಷ್ಟೇ ಪರಿಗಣಿಸುತ್ತದೆ. ಮೈಸೂರಿನ ಆ ಪ್ರಸಾರಕ್ಕೆ ಶತಮಾನ ತುಂಬುವುದೇ 2035ಕ್ಕೆ. ಅಷ್ಟರೊಳಗೆ ಕೆಡವಿದ್ದಕ್ಕೆ ಕಾನೂನಿನ ಅಡ್ಡಿಯಿಲ್ಲ. ಆಡಳಿತದಲ್ಲಿದ್ದ ನಾನು ಬಲ್ಲೆ: ನಿವೇಶನದ ಬೆಲೆ ಕಡತ ಸೇರುತ್ತದೆ, ನೆನಪಿನ ಬೆಲೆ ಸೇರುವುದಿಲ್ಲ. ಯಾವುದೇ ಬಾನುಲಿ ಕಟ್ಟಡ ತೆರವುಗೊಳಿಸುವ ಮುನ್ನ ನಕ್ಷೆ, ಛಾಯಾಚಿತ್ರ, ಧ್ವನಿಮುದ್ರಿಕೆಗಳ ದಾಖಲೀಕರಣವನ್ನು ಸರ್ಕಾರ ಕಡ್ಡಾಯಗೊಳಿಸಲಿ.