ಹಲಗಲಿಯ ಲಾವಣಿ ಮತ್ತು ಪ್ರೌಢಶಾಲೆಯ ಚರಿತ್ರೆ ಬೋಧನೆ

ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಸ್ಥಾನ ಪಡೆದ ‘ಹಲಗಲಿ ಬೇಡರು’ ಲಾವಣಿಯು ಸಾಹಿತ್ಯ ಮತ್ತು ಚರಿತ್ರೆಗಳ ಗಡಿಯಲ್ಲಿ ನಿಂತಿರುವ ಕೃತಿ. ಕನ್ನಡದ ಅವಧಿಯಲ್ಲಿ ಅದು ಪದಾರ್ಥ, ಸಂಧಿ, ಸಮಾಸಗಳಿಗೆ ಸೀಮಿತವಾದರೆ, ಸಮಾಜ ವಿಜ್ಞಾನದ ಅವಧಿಯಲ್ಲಿ ಅದೇ ಬಂಡಾಯವು ಬಂಡಾಯಗಳ ಪಟ್ಟಿಯ ಒಂದು ಸಾಲಾಗಿ ಮುಗಿದುಹೋಗುತ್ತದೆ. ಈ ವಿಭಜನೆಯಿಂದ ನಷ್ಟವಾಗುವುದು ಬುಡಕಟ್ಟು ಸಮುದಾಯಗಳ ಚರಿತ್ರೆಯೇ.

1857ರ ನಿಶ್ಶಸ್ತ್ರೀಕರಣ ಕಾಯಿದೆಯು ಕಂಪನಿ ಸರ್ಕಾರದ ದೃಷ್ಟಿಯಲ್ಲಿ ಶಾಂತಿಪಾಲನೆಯ ಕ್ರಮ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗಾದರೋ ಆಯುಧವೆಂಬುದು ಬದುಕು ಮತ್ತು ಮಾನ. ಒಂದೇ ವಸ್ತುವಿಗೆ ದೊರೆತ ಈ ಎರಡು ಅರ್ಥಗಳ ಸಂಘರ್ಷದಲ್ಲಿಯೇ ವಸಾಹತು ಸಂಬಂಧದ ಸ್ವರೂಪ ಅಡಗಿದೆ. ಲಾವಣಿಯನ್ನು ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಜೆ.ಎಫ್. ಫ್ಲೀಟ್ ಮುಂಬಯಿ ಪ್ರಾಂತ್ಯದ ಬ್ರಿಟಿಷ್ ಅಧಿಕಾರಿ ಎಂಬುದೂ ಗಮನಾರ್ಹ. ಸೋತವರ ಹಾಡು ಗೆದ್ದವರ ಕೈಯಿಂದ ಅಚ್ಚಿಗೆ ಬಂದಿತು. ಹಾಡಿದವರು ಯಾರು, ಬರೆದಿಟ್ಟವರು ಯಾರು, ಯಾರ ಓದಿಗಾಗಿ ಎಂಬ ಪ್ರಶ್ನೆಗಳನ್ನು ಹದಿನೈದರ ವಯಸ್ಸಿನ ವಿದ್ಯಾರ್ಥಿ ಖಂಡಿತವಾಗಿ ಎದುರಿಸಬಲ್ಲ.

ಜಯನಗರ, ಜೆ.ಪಿ. ನಗರ, ಬನಶಂಕರಿಗಳ ಶಾಲೆಗಳಿಗೆ ಹಲಗಲಿ ದೂರದ ಊರು. ಆ ದೂರವನ್ನು ಸುತ್ತಲಿನ ನೆಲದಿಂದಲೇ ತಗ್ಗಿಸಬಹುದು. ಬಿ.ಟಿ.ಎಂ. ಎಂಬ ಮೂರು ಅಕ್ಷರಗಳೊಳಗೆ ಬೈರಸಂದ್ರ, ತಾವರೆಕೆರೆ, ಮಡಿವಾಳಗಳಿವೆ. ದಾಖಲೆಯ ಹೆಸರು ಊರಿನ ಹೆಸರನ್ನು ಮರೆಮಾಡುವ ಬಗೆಗೆ ಇದೊಂದು ಸರಳ ಪಾಠ. ಇದು ವಸಾಹತುಶಾಹಿಯ ಕಾರ್ಯವಲ್ಲ, ಸ್ವತಂತ್ರ ನಾಡಿನ ನಗರೀಕರಣದ ಫಲ ಎಂಬ ವ್ಯತ್ಯಾಸವನ್ನೂ ಶಿಕ್ಷಕರು ತಿಳಿಸಬೇಕು. ಇಲ್ಲವಾದರೆ ಹೋಲಿಕೆಯು ಘೋಷಣೆಯಾಗುತ್ತದೆ.

ಪಠ್ಯಭಾರ ಹಾಗೂ ಪರೀಕ್ಷೆಯ ಒತ್ತಡಗಳು ಇದಕ್ಕೆ ಅಡ್ಡಿಯೆಂಬ ಆಕ್ಷೇಪ ಸಹಜವಾದುದು. ಆದರೆ ಇಲ್ಲಿ ಬೇಕಾಗಿರುವುದು ಹೊಸ ಪಾಠವಲ್ಲ; ಕನ್ನಡ ಮತ್ತು ಸಮಾಜ ವಿಜ್ಞಾನದ ಇಬ್ಬರು ಶಿಕ್ಷಕರು ಕೂಡಿ ನಡೆಸುವ ಎರಡು ಅವಧಿಗಳು ಮಾತ್ರ.

ಇಂತಹ ಬೋಧನೆ 1857ಕ್ಕೆ ನಿಲ್ಲಲಾಗದು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಹುಟ್ಟನ್ನೇ ಅಪರಾಧವಾಗಿಸಿತು. ಅದು ರದ್ದಾದುದು 1952ರಲ್ಲಿ. 2006ರ ಅರಣ್ಯ ಹಕ್ಕುಗಳ ಕಾಯಿದೆಯು ಅರಣ್ಯವಾಸಿಗಳಿಗೆ ಆದ ಐತಿಹಾಸಿಕ ಅನ್ಯಾಯವನ್ನು ತನ್ನ ಪೀಠಿಕೆಯಲ್ಲಿಯೇ ಒಪ್ಪಿಕೊಂಡಿದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅದೇ ಕಾಯಿದೆಯಡಿ ಸಮುದಾಯ ಅರಣ್ಯ ಹಕ್ಕುಗಳನ್ನು ಪಡೆದರು. ಬುಡಕಟ್ಟುಗಳನ್ನು ಭೂತಕಾಲದ ಕ್ರಿಯಾಪದಗಳಲ್ಲಿ ಮಾತ್ರ ಕಲಿತ ವಿದ್ಯಾರ್ಥಿಗೆ ಈ ಹಕ್ಕುಗಳು ಔದಾರ್ಯದ ಕೊಡುಗೆಯಾಗಿ ತೋರುತ್ತವೆ. ಲಾವಣಿಯನ್ನು ಚರಿತ್ರೆಯೊಡನೆ ಓದಿದವನಿಗೆ ಅವು ಬಹುಕಾಲದ ಬಾಕಿಯಾಗಿ ಕಾಣುತ್ತವೆ.